ಬೈಸಿಕೊಳ್ಳೂದೂ ನೌಕರಿಯೇನು?

ನವಲಗುಂದ ತಾಲೂಕಿನ ಒಂದು ಊರು. ಮಾತಾಡುವವರು ಇಬ್ಬರು. ತಲಾಟಿಯಾಗಿ ಸೇರಿ ಸರ್ಕಲ್ (ಕಂದಾಯ ನಿರೀಕ್ಷಕ) ಆಗಿ ನಿವೃತ್ತರಾದ ಹಿರಿಯರು ಒಬ್ಬರು. ಅದೇ ಕಂದಾಯ ಇಲಾಖೆಯಲ್ಲಿ ಈಗ ಗ್ರಾಮ ಆಡಳಿತ ಅಧಿಕಾರಿಯಾಗಿರುವ ಹುಡುಗಿ ಇನ್ನೊಬ್ಬಳು. ಹೆಸರಿನ ರಾಶಿ ಹೊತ್ತಿಗೆ ಮಳೆ ಹಿಡಿದು ಬೆಳೆ ಕೆಟ್ಟಿದೆ. ಪರಿಹಾರದ ಪಟ್ಟಿ ಚಾವಡಿ ಗೋಡೆಗೆ ಅಂಟಿದೆ.

ಅವಳು: ಕಾಕಾ, ಮಂದಿ ಬೈದಾಗ ನೀವು ಏನ್ ಮಾಡ್ತಿದ್ರಿ?

ಹಿರಿಯರು: ಈಗ ಯಾರು ಬೈದ್ರವಾ?

ಅವಳು: ಯಾರು ಬೈದಿಲ್ಲ ಅಂತ ಕೇಳ್ರಿ. ಪಟ್ಟಿಯೊಳಗ ಇಲ್ಲದವ ಬೈತಾನ, ಪಟ್ಟಿಯೊಳಗ ಇದ್ದೂ ರೊಕ್ಕ ಜಮಾ ಆಗದವ ಬೈತಾನ, ಜಮಾ ಆದವ ‘ಇಷ್ಟಽ ಏನು?’ ಅಂತ ಬೈತಾನ. ನಿನ್ನೆ ಒಬ್ಬ ಅಜ್ಜ ಉತಾರ, ಆಧಾರ ಕಾರ್ಡು, ಪಾಸ್‌ಬುಕ್ಕು ಎಲ್ಲಾ ನನ್ನ ಮೇಜಿನ ಮ್ಯಾಲೆ ಒಗದು, ‘ಪಗಾರ ತಗೊಂಡು ನಮ್ಮ ಹೊಟ್ಟಿ ಮ್ಯಾಲೆ ಹೊಡೀತೀರಿ, ನಿಮಗ ಒಳ್ಳೇದಾಗೂದಿಲ್ಲ’ ಅಂದ. ಸುತ್ತ ಮಂದಿ ನಿಂತು ನೋಡಾಕತ್ತಿದ್ರು. ರಾತ್ರಿ ಮನಿಗೆ ಹೋದಮ್ಯಾಲೂ ಅವನ ದನಿ ಕಿವ್ಯಾಗಽ ಇತ್ತು.

ಹಿರಿಯರು: ಅವನ ಕೆಲಸ ಏನಿತ್ತು?

ಅವಳು: ನಾಲ್ಕು ಎಕರೆ ಎರಿ ಹೊಲ, ಹೆಸರು ಬಿತ್ತಿದ್ದ. ಮಳಿ ಬಿಡಲಾರದಽ ಹಿಡದು ಕಾಯಿ ಗಿಡದಾಗಽ ಮೊಳಕಿ ಒಡದ್ವು. ನಾನಽ ಹೋಗಿ ನೋಡಿ ಫೋಟೋ ತಗೊಂಡು ಬಂದೀನಿ. ಪರಿಹಾರ ಮಂಜೂರಾಗೈತಿ. ಆದ್ರ ಖಾತೆಗೆ ಆಧಾರ ಜೋಡಣಿ ಆಗಿಲ್ಲಂತ ರೊಕ್ಕ ವಾಪಸ್ ಹೋಗೈತಿ. ಬ್ಯಾಂಕಿನವ್ರು ‘ತಲಾಟಿ ಕಡೆ ಹೋಗು’ ಅಂದಾರ, ನಾ ‘ಬ್ಯಾಂಕಿಗೆ ಹೋಗು’ ಅಂದೀನಿ. ಬಸ್ ಹತ್ತಿ ಇಳದು ಅವನಿಗೂ ಸಾಕಾಗಿತ್ತು.

ಹಿರಿಯರು: ಹಂಗಾರ ಅವ ಬೈದದ್ದು ನಿನಗಲ್ಲ. ಮನಸ್ಸಿಗೆ ಹಚ್ಚಿಕೋಬ್ಯಾಡ.

ಅವಳು: ಈ ಮಾತು ಎಲ್ಲಾರೂ ಹೇಳ್ತಾರ್ರೀ. ಬೈದದ್ದು ನನಗಲ್ಲ ಅಂದ್ರೂ ಕೇಳಿದ್ದು ನನ್ನ ಕಿವಿ ಅಲ್ರೀ? ನಡುಗಿದ್ದು ನನ್ನ ಕೈ.

ಹಿರಿಯರು: ಖರೇ ಮಾತು. ಬಾಯಿಮಾತಿನ ಸಮಾಧಾನ ಬ್ಯಾಡ, ಬಿಡಿಸಿ ನೋಡೋಣು. ಈ ಸಿಟ್ಟು ಎಲ್ಲಿಂದ ಹೊಂಟು ನಿನ್ನ ಮೇಜಿಗೆ ಬಂತು? ಪರಿಹಾರ ಈಗ ಎಷ್ಟು ಕೊಡ್ತಾರ?

ಅವಳು: ಕೇಂದ್ರದ ವಿಪತ್ತು ನಿಧಿ ನಿಯಮ 2022ರಾಗ ಬದಲಾತು. ಖುಷ್ಕಿ ಬೆಳಿಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000. ಅದೂ ಎರಡು ಹೆಕ್ಟೇರಿನ ಮಟ್ಟ. ಕೆಲವು ಸಲ ರಾಜ್ಯ ಸರ್ಕಾರ ತಂದೂ ಒಂದಿಷ್ಟು ಸೇರಿಸತೈತಿ. ಬರೇ ಕೇಂದ್ರದ ಲೆಕ್ಕ ಹಿಡದ್ರ ಖುಷ್ಕಿ ಎಕರೆಗೆ ಸುಮಾರು 3,400 ಬೀಳ್ತೈತಿ.

ಹಿರಿಯರು: ಬೀಜ, ಗೊಬ್ಬರ, ಎಡಿ ಹೊಡದದ್ದು, ಕಳೆ ತಗಸಿದ್ದು, ಎಣ್ಣಿ ಹೊಡದದ್ದು. ಅಷ್ಟು ರೊಕ್ಕದಾಗ ಇದರೊಳಗಿಂದು ಯಾವುದು ಮುಟ್ಟತೈತಿ ಹೇಳು. ಜಮಾ ಆದವನ ಸಿಟ್ಟಿಗೂ ಕಾರಣ ಐತಿ ಅಂತಾತು. ಇನ್ನ ವಿಮಾ?

ಅವಳು: ವಿಮಾದ್ದು ಇನ್ನೂ ಕಗ್ಗಂಟ್ರೀ. 2016ರ ಮುಂಗಾರಿಗೆ ಫಸಲ್ ಬಿಮಾ ಬಂತು. ವಿಮಾ ಮೊತ್ತದಾಗ ರೈತ ಮುಂಗಾರಿಗೆ ನೂರಕ್ಕ ಎರಡು, ಹಿಂಗಾರಿಗೆ ಒಂದೂವರಿ, ವಾಣಿಜ್ಯ ಬೆಳಿ, ತೋಟದ ಬೆಳಿಗೆ ಐದರ ಮಟ್ಟ ಕಂತು ಕಟ್ತಾನ. ಕಂತು ಕಟ್ಟೂದು ಅವನ ಹೊಲದ ಮ್ಯಾಲೆ, ನಷ್ಟದ ಲೆಕ್ಕ ಮಾತ್ರ ಮುಖ್ಯ ಬೆಳಿ ಇದ್ರ ಇಡೀ ಗ್ರಾಮ ಪಂಚಾಯಿತಿದು. ಪಂಚಾಯಿತಿಗೆ ಒಂದು ಬೆಳಿಗೆ ನಾಲ್ಕು ಕಟಾವು ಪ್ರಯೋಗ. ಯಾವ ಸರ್ವೆ ನಂಬರು ಅಂತ ಮ್ಯಾಲಿಂದಽ ಬರ್ತೈತಿ. ಅಲ್ಲಿ ಹೋಗಿ ಚೌಕ ಅಳದು, ಕೊಯ್ದು, ಬಡದು, ತೂಕ ಮಾಡಿ ಆ್ಯಪ್‌ನ್ಯಾಗ ಹಾಕ್ತೀವಿ. ಹಿಂದಿನ ಏಳು ವರ್ಷದಾಗ ಚಲೋ ಬೆಳದ ಐದು ವರ್ಷದ ಸರಾಸರಿ ಹಿಡದು ಒಂದು ಮಟ್ಟ ಗೊತ್ತ ಮಾಡಿರ್ತಾರ. ನಮ್ಮ ತೂಕ ಅದಕ್ಕಿಂತ ಕಡಿಮಿ ಬಂದ್ರ ಕಂತು ಕಟ್ಟಿದ ಎಲ್ಲಾರಿಗೂ ವಿಮಾ, ಇಲ್ಲಾಂದ್ರ ಯಾರಿಗೂ ಇಲ್ಲ. ಒಬ್ಬನ ಹೊಲ ಅಷ್ಟಽ ನೀರಾಗ ನಿಂತಿದ್ರ 72 ತಾಸಿನೊಳಗ ತಿಳಸಬೇಕು ಅಂತ ಬ್ಯಾರೇ ದಾರಿ ಐತಿ. ಬೆಣ್ಣಿಹಳ್ಳ ತುಂಬಿ ಬಂದಾಗ ಕರೆಂಟ್ ಇರೂದಿಲ್ಲ, ಫೋನ್ ಹತ್ತೂದಿಲ್ಲ. ಮನಿಯೊಳಗಿನ ಕಾಳಿನ ಚೀಲ ಉಳಿಸಿಕೊಳ್ಳೂದರಾಗಽ ಆ ತಾಸು ಮುಗದು ಹೋಗ್ತಾವ.

ಹಿರಿಯರು: ಇದನ್ನ ಈಗ ನನಗ ಇಷ್ಟು ಬಿಡಿಸಿ ಹೇಳಿದೆಲ್ಲಾ, ಬಿತ್ತಗಿ ಮುಂಚೆ ಊರಿಗೆ ಯಾರರ ಹೇಳ್ಯಾರೇನು?

ಅವಳು: ಕಂತು ತುಂಬಾಕ ಕಡೀ ತಾರೀಖು ಯಾವುದು ಅಂತ ಹೇಳ್ತಾರ. ಅಷ್ಟಽ.

ಹಿರಿಯರು: ಬೆಳಿ ಹೋದದ್ದು ಒಂದು ಸಂಕಟ. ತನಗ ಯಾಕ ಬರಲಿಲ್ಲ, ಆಚಿ ಊರಿಗೆ ಹೆಂಗ ಬಂತು ಅಂತ ತಿಳೀಲಾರದ್ದು ಎರಡನೇ ಸಂಕಟ. ಮೊದಲನೇದಕ್ಕ ಮನಷ್ಯಾ ಮುಗಲ ಕಡೆ ನೋಡಿ ಸುಮ್ಮನಾಗ್ತಾನ. ಎರಡನೇದಕ್ಕ ಸುಮ್ಮನಾಗೂದಿಲ್ಲ, ಯಾರೋ ನುಂಗ್ಯಾರ ಅಂತ ಅವನಿಗೆ ಖಾತ್ರಿ ಆಗತೈತಿ. ನಮ್ಮ ತಾಲೂಕಿಗೆ ಇದು ಹೊಸದಲ್ಲವಾ. 1980ರ ಜುಲೈ 21 ಅಂದ್ರ ಈ ಕಡೆ ಸಣ್ಣ ಹುಡುಗರಿಗೂ ಗೊತ್ತು. ಮಲಪ್ರಭಾ ಕಾಲುವಿ ನೀರು ಕಡೀ ಹೊಲ ಮುಟ್ಟಿರಲಿಲ್ಲ, ಅಷ್ಟರಾಗ ಅಭಿವೃದ್ಧಿ ಕರ ಕಟ್ರಿ ಅಂತ ಒತ್ತಾಯ ಶುರುವಾತು. ಕರ ಹಾಕಿದವ್ರು ಬೆಂಗಳೂರಾಗ. ಊರಾಗ ಕಾಗದಾ ಹಿಡಕೊಂಡು ಅಡ್ಡಾಡಿದವ್ರು ನಮ್ಮಂಥ ತಲಾಟಿ, ವಾಲಿಕಾರರು. ಆ ದಿನ ನವಲಗುಂದದಾಗೂ ನರಗುಂದದಾಗೂ ಗೋಲಿಬಾರ್ ಆಗಿ ರೈತರು ಸತ್ರು. ನರಗುಂದದಾಗ ಪೊಲೀಸರೂ ಜೀವಾ ಕಳಕೊಂಡ್ರು. ನಾ ಆಗ ನೌಕರಿಗೆ ಹೊಸಬ, ಕುಂದಗೋಳ ಕಡೆ ಇದ್ದೆ. ಒಂದು ತಿಂಗಳ ಮಟ್ಟ ಚಾವಡಿ ಬಾಗಿಲಾ ತಗೀಬೇಕಾದ್ರ ಎದಿ ಹೊಡಕೋತಿತ್ತು.

ಅವಳು: 2016ರಾಗ ನಾ ಕಾಲೇಜಿಗೆ ಹೋಗ್ತಿದ್ದೆ. ಮಹಾದಾಯಿ ನದಿಯಿಂದ 7.56 ಟಿಎಂಸಿ ನೀರು ಕೇಳಿದ್ದ ನಮ್ಮ ರಾಜ್ಯದ ಅರ್ಜಿನ ಜುಲೈ 27ಕ್ಕ ನ್ಯಾಯಮಂಡಳಿ ತಿರಸ್ಕಾರ ಮಾಡ್ತು. ನವಲಗುಂದದಾಗ ಸರ್ಕಾರಿ ಕಚೇರಿಗಳಿಗೆ ಬೆಂಕಿ ಬಿತ್ತು. ಆಮ್ಯಾಲೆ ಯಮನೂರು, ಅಳಗವಾಡಿ ಹೊಕ್ಕು ಪೊಲೀಸರು ಹೆಂಗಸರು, ಮುದುಕರು ಅನ್ನದಽ ಬಡದ್ರು. ಟಿವ್ಯಾಗ ನೋಡಿ ನಮ್ಮವ್ವ ಅತ್ತಿದ್ಲು.

ಹಿರಿಯರು: ತೀರ್ಪು ಬಂದದ್ದು ದಿಲ್ಲಿಯಿಂದ. ಸುಟ್ಟದ್ದು ನಮ್ಮ ಊರ ಕಚೇರಿ, ಬಡಿಗಿ ಬಿದ್ದದ್ದು ನಮ್ಮ ಮಂದಿ ಬೆನ್ನಿಗೆ. ಸಿಟ್ಟು ಬಂದವಗ ದೂರದ ಬಾಗಿಲಾ ಕಾಣೂದಿಲ್ಲ, ಹತ್ತಿರದ್ದನ್ನ ಬಡೀತಾನ. ನೀ ಹತ್ತಿರದ ಬಾಗಿಲಾ. ಅದಕ್ಕಽ ನಾ ಅನ್ನೂದು, ಆ ಅಜ್ಜನ ಮಾತು ಮನಿಗೆ ಒಯ್ಯೂ ಮುಂಚೆ ಎರಡು ಪಾಲು ಮಾಡು. ನಿಂದು ಎಷ್ಟು, ನಿಂದಲ್ಲದ್ದು ಎಷ್ಟು. ಪರಿಹಾರ ಕಡಿಮಿ ಅನ್ನೂದು ನಿಂದಲ್ಲ, ಅದನ್ನ ಬಿಟ್ಟು ಬಿಡು. ಅವನನ್ನ ಬರೇ ‘ಬ್ಯಾಂಕಿಗೆ ಹೋಗು’ ಅಂತ ಕಳಸಿದ್ದು ನಿಂದು. ಯಾವ ಬ್ಯಾಂಕು, ಯಾವ ತಾರೀಖಿಗೆ ರೊಕ್ಕ ವಾಪಸ್ ಆತು, ಅಲ್ಲಿ ಹೋಗಿ ಏನು ಕೇಳಬೇಕು ಅಂತ ಒಂದು ಚೀಟಿ ಬರದು ಕೊಟ್ಟಿದ್ರ ಅವ ಎರಡನೇ ಸಲ ಬರ್ತಿದ್ದಿಲ್ಲ.

ಅವಳು: ಅದು ಆಗತೈತ್ರಿ. ಅಂಚೆ ಕಚೇರಿಯಾಗ ಆಧಾರದ ಮ್ಯಾಲೆಽ ಪೇಮೆಂಟ್ಸ್ ಬ್ಯಾಂಕ್ ಖಾತೆ ತಗದು ಕೊಡ್ತಾರ. ಹಳೇ ಖಾತೆ ಸುದ್ದ ಆಗಲಿಕ್ರ ಅಲ್ಲಿಗೆ ಕಳಸೂದು ಬೇಶ್.

ಹಿರಿಯರು: ನೋಡು ಮತ್ತ. ನಮ್ಮ ಪಾಲಿನ ಕೆಲಸ ಪೂರ್ತಿ ಮಾಡಿದ ದಿನ ಬೈಗುಳ ಮೈಗೆ ಹತ್ತಿದ್ರೂ ಒಳಗ ಇಳಿಯೂದಿಲ್ಲ. ರಾತ್ರಿ ನಿದ್ದಿ ಬರ್ತೈತಿ.

ಅವಳು: ಇಲ್ರೀ ಕಾಕಾ. ಇದನ್ನ ಮಾತ್ರ ನಾ ಒಪ್ಪೂದಿಲ್ಲ. ಪೂರ್ತಿ ಕೆಲಸ ಮಾಡಿದ ದಿನಾನೂ ನನಗ ನಿದ್ದಿ ಬಂದಿಲ್ಲ. ಚಲೋತಂಗ ದುಡದ್ರ ಮನಸ್ಸಿಗೆ ಏನೂ ಆಗೂದಿಲ್ಲ ಅನ್ನೂದು ನಮ್ಮನ್ನ ಇನ್ನೊಂದಿಷ್ಟು ದುಡಸಾಕ ಹೇಳೂ ಮಾತು. ಬೈಸಿಕೊಂಡು ಮಾರಿ ನೆಟ್ಟಗ ಇಟ್ಟಗೊಂಡು ಕೂಡೂದಽ ಒಂದು ದುಡಿಮಿ. ಧಾರವಾಡದಾಗ ಸಮಾಜಶಾಸ್ತ್ರ ಎಂ.ಎ. ಓದೂವಾಗ ಒಂದು ಪಾಠ ಇತ್ತು. ಆರ್ಲಿ ಹೋಶ್‌ಚೈಲ್ಡ್ ಅಂತ ಅಮೆರಿಕದಾಕಿ 1983ರಾಗ ‘ದಿ ಮ್ಯಾನೇಜ್ಡ್ ಹಾರ್ಟ್’ ಅಂತ ಪುಸ್ತಕ ಬರದಳು. ವಿಮಾನದಾಗ ಸೇವಾ ಮಾಡೂವ್ರನ್ನೂ ಬಾಕಿ ವಸೂಲಿಗೆ ಹೋಗೂವ್ರನ್ನೂ ಮಾತಾಡಿಸಿ ಬರದದ್ದು. ಒಬ್ಬರಿಗೆ ಸಿಟ್ಟು ನುಂಗಿ ನಗೂದು ನೌಕರಿ, ಇನ್ನೊಬ್ಬರಿಗೆ ಕನಿಕರ ನುಂಗಿ ಗದರಸೂದು ನೌಕರಿ. ಆಗ ಪರೀಕ್ಷಾದ ಸಲುವಾಗಿ ಓದಿದ್ದೆ. ಈಗ ನಾ ಎರಡೂ ಮಾಡ್ತೀನಿ. ಮುಂಜಾನೆ ಪರಿಹಾರದ ಮಂದಿ ಮುಂದ ಸಮಾಧಾನದ ಮಾರಿ, ಮಧ್ಯಾಹ್ನ ಒತ್ತುವರಿ ತೆರವಿಗೆ ಹೋದಲ್ಲಿ ಬಿಗಿ ಮಾರಿ. ಸಂಜಿಮುಂದ ಮನಿಗೆ ಹೋಗಿ ನಮ್ಮವ್ವ ‘ಚಹಾ ಕುಡೀತಿಯೇನು’ ಅಂದ್ರೂ ಸಿಡಸಿಡ ಅಂತೀನಿ. ಈ ದುಡಿಮಿ ಬರಿಯಾಕ ನಮ್ಮ ದಿನಚರಿ ಪುಸ್ತಕದಾಗ ಕಾಲಂ ಇಲ್ರೀ.

ಹಿರಿಯರು: ನಮ್ಮ ಜೋಡಿ ಒಬ್ಬ ಸರ್ಕಲ್ ಇದ್ದ. ನೌಕರಿಗೆ ಬಂದಾಗ ಭಾಳ ಮೆತ್ತನ್ನ ಮನಷ್ಯಾ. ಹತ್ತು ವರ್ಷ ಆಗೂದರಾಗ ಕಲ್ಲಾದ. ರೈತ ಕಾಲಿಗೆ ಬಿದ್ರೂ ಫೈಲಿನಿಂದ ತಲಿ ಎತ್ತತಿದ್ದಿಲ್ಲ. ನಮಗೆಲ್ಲಾ ‘ಇವಗ ಏನೂ ಹತ್ತೂದಿಲ್ಲ, ಪುಣ್ಯಾವಂತ’ ಅನಸ್ತಿತ್ತು. ಆಮ್ಯಾಲೆ ಮಗಳ ಮದವಿಯಾಗೂ ಅವ ಹಂಗಽ ಕುಂತಿದ್ದ. ಹಿಂಗ ಆಗೂದನ್ನ ಇಲಾಖೆಯಾಗ ‘ಅನುಭವ’ ಅಂತ ಕರೀತಿದ್ರು.

ಅವಳು: ನನಗ ಅದರದ್ದಽ ಅಂಜಿಕಿ. ಮತ್ತ ನಿಮ್ಮ ಕಾಲದಾಗ ಚಾವಡಿ ಬಾಗಿಲಾ ಹಾಕಿದ್ರ ಬೈಗುಳ ಹೊರಗ ಉಳೀತಿತ್ತು. ಈಗ ನನ್ನ ನಂಬರು ಗೋಡಿ ಮ್ಯಾಲೆ ಬರದೈತಿ. ರಾತ್ರಿ ಹತ್ತಕ್ಕ ಕುಡದು ಫೋನ್ ಹಚ್ಚತಾರ. ಮೇಜಿನ ಮುಂದ ನಿಂತು ಮಾತಾಡಿದ್ದನ್ನ ಮೊಬೈಲ್‌ನ್ಯಾಗ ಹಿಡದು, ಮುಂದಿಂದು ಹಿಂದಿಂದು ಕತ್ತರಿಸಿ ಊರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕ್ತಾರ. ಗಂಡಸು ತಲಾಟಿಗೆ ‘ಲಂಚಕೋರ’ ಅಂತ ಬೈದ್ರ, ನನಗ ಬ್ಯಾರೇ ಮಾತಿಲೆ ಬೈತಾರ. ಆ ಮಾತು ನಿಮ್ಮ ಮುಂದ ಹೇಳಾಕ ಆಗೂದಿಲ್ಲ. ಅದನ್ನೂ ‘ಪಾಪ, ಬೆಳಿ ಹೋಗೈತಿ’ ಅಂತ ತಿಳಕೋಬೇಕೇನ್ರಿ?

ಹಿರಿಯರು: ಇಲ್ಲ. ಅದು ಬೆಳಿ ಹೋದವನ ಸಿಟ್ಟಲ್ಲ. ಬೆಳಿ ಹೋದ ಹೆಣ್ಣಮಗಳೂ ಚಾವಡಿಗೆ ಬರ್ತಾಳ, ಆಕಿ ಹಂಗ ಬೈತಾಳೇನು?

ಅವಳು: ಹಾಂ, ಅಲ್ಲೇ ನಾ ಗೆರಿ ಹಾಕಬೇಕಂತ ಮಾಡೀನಿ. ‘ನೀವು ಕೆಲಸ ಮಾಡೂದಿಲ್ಲ’ ಅಂತ ಎಷ್ಟು ಒದರಿದ್ರೂ ಕುಂತು ಕೇಳ್ತೀನಿ, ಅದು ಅವರ ಹಕ್ಕು. ನಾ ಹೆಣ್ಣು ಅನ್ನೂದಕ್ಕ ಮಾತು ಹೊಂಟ ಕ್ಷಣಕ್ಕ ಎದ್ದು ನಿಂತು, ‘ಈ ಮಾತು ಬಿಟ್ಟು ನಾಳೆ ಬರ್ರಿ, ನಿಮ್ಮ ಕೆಲಸ ಮಾಡಿ ಕೊಡ್ತೀನಿ’ ಅಂತ ಹೇಳಿ ಒಳಗ ಹೋಗ್ತೀನಿ. ಕೈ ಎತ್ತಿದ್ರ ಹೊಸಾ ನ್ಯಾಯ ಸಂಹಿತೆಯಾಗ 132ನೇ ಕಲಮು ಐತಿ, ಹೆಣ್ಣಿನ ಮಾನಕ್ಕ ಮಾತಾಡಿದ್ರ 79. ಆದ್ರ ಕೇಸು ಹಾಕೂದು ಕಡೀ ಮಾತ್ರೀ. ಹತ್ತು ಊರಿನ ಮಂದಿ ಜೋಡಿ ದಿನಾ ಬಾಳೇವು ಮಾಡಬೇಕು. ಮೊದಲಿಗೆ ಕೇಸು, ಆಮ್ಯಾಲೆ ಮಾತು ಅಂದ್ರ 2016ರ ದಾರಿನಽ ಆಗತೈತಿ.

ಹಿರಿಯರು: ತಹಶೀಲ್ದಾರ ಸಾಹೇಬರಿಗೆ ಹೇಳೀಯೇನು?

ಅವಳು: ಹೇಳೀನ್ರಿ. ‘ಎಲ್ಲಾ ಕಡೆ ಹಂಗಽ ಐತಿ, ಹೊಂದಿಕೊಂಡು ಹೋಗು’ ಅಂದ್ರು. ಅವರ ಮ್ಯಾಲೆ ಒದರೂವ್ರೂ ಅದಾರ, ಗೊತ್ತು. ಆದ್ರ ಹೊಂದಿಕೊಳ್ಳಾಕ ಒಂದು ಮಿತಿ ಇರಬೇಕಲ್ರೀ. 2024ರ ಸೆಪ್ಟೆಂಬರ್‌ನ್ಯಾಗ ರಾಜ್ಯದಾಗಿನ ನಾವೆಲ್ಲಾ ಮುಷ್ಕರ ಹೂಡಿದ್ದು ಪಗಾರಕ್ಕ ಅಷ್ಟಽ ಅಲ್ಲ. ಉತಾರಕ್ಕ ಆಧಾರ ಜೋಡಿಸಾಕ ಒಂದು ಆ್ಯಪ್, ಸರ್ಕಾರಿ ಜಮೀನಿಗೆ ಒಂದು, ಪೌತಿ ಖಾತೆಗೆ ಒಂದು. ಹಿಂಗ ಒಂದರ ಬೆನ್ನಿಗೆ ಒಂದು ಬಂದು ಬಿದ್ವು, ಅವಕ್ಕ ಬೇಕಾದ ಫೋನು, ಲ್ಯಾಪ್‌ಟಾಪು ಕೊಡ್ರಿ, ಕೂಡಾಕ ಜಾಗಾ ಕೊಡ್ರಿ ಅಂತ ಕೇಳಿದ್ವಿ. ಆ್ಯಪ್ ನಿಂತ ದಿನ ಮಂದಿ ಬೈಯೂದು ಆ್ಯಪ್‌ಗಲ್ಲ. ಸರ್ವರ್ ಎಲ್ಲೈತೋ, ಮಾರಿ ಮಾತ್ರ ನಂದು.

ಹಿರಿಯರು: ನಿದ್ದಿ ಬರ್ತಿಲ್ಲ, ಅವ್ವನ ಮ್ಯಾಲೆ ಸಿಡುಕು ಅಂದಿ. ಊಟಾ?

ಅವಳು: ಒಂದೊಂದ ದಿನ ಸೇರತೈತಿ. ರವಿವಾರ ಸಂಜಿ ಆತಂದ್ರ ಹೊಟ್ಟ್ಯಾಗ ಕಲಸಿದಂಗ ಆಗತೈತಿ, ಸೋಮವಾರ ಬಂತಲ್ಲಾ ಅಂತ.

ಹಿರಿಯರು: ಡಾಕ್ಟರ್‌ಗೆ ತೋರಸಬೇಕು ನೀ.

ಅವಳು: ಧಾರವಾಡಕ್ಕಂದ್ರಿ? ‘ಧಾರವಾಡ ದವಾಖಾನಿಗೆ ಹೋಗ್ಯಾಳ’ ಅಂತ ಊರಾಗ ಗೊತ್ತಾದ್ರ ಏನಂತಾರ ನಿಮಗ ಗೊತ್ತೈತಿ. ನಾಳೆಯಿಂದ ಚಾವಡಿಗೆ ಬಂದವ ‘ತಲಿ ಕೆಟ್ಟಾಕಿ’ ಅಂತಾನ.

ಹಿರಿಯರು: ಅನ್ನವ್ರು ಅನ್ನಲಿ ಅಂತ ಹಗರಾಗಿ ಹೇಳಾಕ ನನಗೂ ಬಾಯಿ ಬರೂದಿಲ್ಲ. ಆ ಮಾನಸಿಕ ರೋಗಿಗಳ ದವಾಖಾನಿ 1845ರಾಗ ಶುರುವಾದದ್ದು, ಅವತ್ತಿನಿಂದ ನಮ್ಮ ಕಡೆ ಅದರ ಹೆಸರು ಬೈಗುಳ ಆಗೇತಿ. ಈಗ ಡಿಮ್ಹಾನ್ಸ್ ಅಂತ ದೊಡ್ಡ ಸಂಸ್ಥೆ ಆಗಿ, ಡಾಕ್ಟರ್ ಓದಿಸೂ ಜಾಗಾ ಆದ್ರೂ ಮಂದಿ ಬಾಯಾಗ ಹಳೇ ಹೆಸರಽ. ಆದ್ರ ಅಲ್ಲಿಗೆ ಹೋಗೂ ಮುಂಚೆ ಬ್ಯಾರೇ ದಾರಿ ಅದಾವಲ್ಲ. ತಾಲೂಕು ದವಾಖಾನಿಗಳಿಗೆ ಮಂಗಳವಾರ ಮನೋವೈದ್ಯರು ಬರೂವಂಗ ಮನೋಚೈತನ್ಯ ಅಂತ ರಾಜ್ಯದಾಗ ಒಂದು ಕಾರ್ಯಕ್ರಮ ಮಾಡ್ಯಾರ. ನಮ್ಮ ತಾಲೂಕಿಗೆ ಯಾವ ದಿನ ಬರ್ತಾರ ಅಂತ ನಾ ವಿಚಾರಿಸಿ ಹೇಳ್ತೀನಿ.

ಅವಳು: ಫೋನಿಂದೂ ಐತ್ರಿ, 14416. ಟೆಲಿ ಮನಸ್ ಅಂತ 2022ರ ಅಕ್ಟೋಬರ್‌ನ್ಯಾಗ ಶುರು ಮಾಡಿದ್ರು. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಾಗ ಮಾತಾಡ್ತಾರ, ರಾತ್ರಿನೂ ಹತ್ತತೈತಿ. ರೈತರಿಗೆ ಕೊಡ್ರಿ ಅಂತ ನಮಗ ಆ ನಂಬರು ಕೊಟ್ಟಾರ, ಚಾವಡಿಯಾಗ ನಾನಽ ಅಂಟಿಸೀನಿ. ನಾ ಹಚ್ಚಬೇಕು ಅಂತ ಒಮ್ಮೆನೂ ಹೊಳೀಲಿಲ್ಲ ನೋಡ್ರಿ.

ಹಿರಿಯರು: ಇವತ್ತ ರಾತ್ರಿ ಹಚ್ಚು. ನಿದ್ದಿ ಎಷ್ಟು ವಾರದಿಂದ ಕೆಟ್ಟೈತಿ ಅಂತ ಮೊದಲಿಗೆ ಹೇಳು, ಅದನ್ನ ಅವರು ಕೇಳೇ ಕೇಳ್ತಾರ. ಹಂಗಽ ನಾನೂ ನಾಳೆಯಿಂದ ಒಂದು ವಾರ ಚಾವಡಿಗೆ ಬಂದು ನಿನ್ನ ಬಾಜೂಕ ಕೂಡ್ತೀನಿ. ನನ್ನ ಮಾರಿ ನೋಡಿದ್ರ ಒದರೂವ್ರು ಒಂದಿಷ್ಟು ತಗ್ಗತಾರ.

ಅವಳು: ಬ್ಯಾಡ್ರೀ ಕಾಕಾ. ನೀವು ಕುಂತ್ರ ಅವರು ನಿಮ್ಮ ಜೋಡಿ ಮಾತಾಡ್ತಾರ, ನನ್ನ ಜೋಡಿ ಅಲ್ಲ. ನೀವು ಎದ್ದು ಹೋದ ಮರುದಿನ ನಾ ಮತ್ತ ಒಬ್ಬಾಕಿನಽ. ನನಗ ಬೇಕಾದದ್ದು ಇಲಾಖೆ ಕೊಡಬೇಕಾದದ್ದು. ಪಟ್ಟಿ ಹಚ್ಚಿದ ವಾರ ಮೇಜಿಗೆ ಇಬ್ಬರು ಇರಬೇಕು, ಒಬ್ಬರಿಗೆ ಬೈದು ಸಾಕಾದ ಹೊತ್ತಿಗೆ ಇನ್ನೊಬ್ಬರು ಕೂಡೂವಂಗ. ಗೋಡಿ ಮ್ಯಾಲೆ ನನ್ನ ಸ್ವಂತ ನಂಬರು ಅಳಿಸಿ ಕಚೇರಿದೊಂದು ನಂಬರು ಬರೀಬೇಕು, ಸಂಜಿ ಆದಮ್ಯಾಲೆ ಅದು ಬಂದ್. ಹಳ್ಳ ತುಂಬಿ ಬಂದ ದಿನ ಮಾತು ಬ್ಯಾರೇ, ಆವಾಗ ರಾತ್ರಿಯೆಲ್ಲಾ ಕುಂತಿರ್ತೀನಿ.

ಹಿರಿಯರು: ಪಟ್ಟಿ ಹಚ್ಚೂವಾಗ ಬರೇ ‘ತಿರಸ್ಕೃತ’ ಅಂತ ಬರೀಬಾರದು ಅನ್ನೂದನ್ನೂ ಅರ್ಜಿಯಾಗ ಹಾಕು. ಕಾರಣ ಏನು, ಎಲ್ಲಿಗೆ ಹೋಗಬೇಕು ಅಂತ ಒಬ್ಬೊಬ್ಬರ ಹೆಸರಿನ ಮುಂದ ಕನ್ನಡದಾಗ ಬರೀಬೇಕು. ಅದರಿಂದ ಅರ್ಧಾ ಮಂದಿ ನಿನ್ನ ಮೇಜಿಗೆ ಬರಲಾರದಽ ನೆಟ್ಟಗ ಅಂಚೆ ಕಚೇರಿಗೆ ಹೋಗ್ತಾರ.

ಅವಳು: ಅರ್ಜಿ ಒಬ್ಬಾಕಿನಽ ಕೊಟ್ರ ‘ಈಕಿಗೆ ಆಗೂದಿಲ್ಲ’ ಅಂತಾರ. ಅಣ್ಣಿಗೇರಿ, ಕಲಘಟಗಿ ಕಡೆ ನನ್ನ ಜೋಡಿ ಸೇರಿದ ಹುಡುಗ್ಯಾರು ಅದಾರ. ಎಲ್ಲಾರೂ ಸಹಿ ಮಾಡಿ ಸಂಘದಿಂದ ಕೊಡ್ತೀವ್ರಿ.

ಹಿರಿಯರು: ಕಡಲಿ ಬಿತ್ತಗಿ ಬಂತು. ಹಿಂಗಾರಿ ವಿಮಾ ತುಂಬೂ ಮುಂಚೆ ಗ್ರಾಮಸಭೆ ಕರಸು. ನೀ ಈಗ ನನಗ ಹೇಳಿದಂಗಽ, ನಾಲ್ಕು ಕಟಾವಿನ ಲೆಕ್ಕ, ಏಳು ವರ್ಷದ ಲೆಕ್ಕ, 72 ತಾಸಿನ ಲೆಕ್ಕ ಎಲ್ಲಾ ಬಿಡಿಸಿ ಹೇಳು. ಕಟಾವು ಪ್ರಯೋಗಕ್ಕ ಹೋಗೂ ದಿನ ಡಂಗುರಾ ಹೊಡಿಸಿ ಊರ ಹಿರಿಯರನ್ನ ಹೊಲಕ್ಕ ಕರಕೊಂಡು ಹೋಗು. ತೂಕ ಅವರ ಕಣ್ಣಮುಂದ ಆಗಲಿ.

ಅವಳು: ಕಟಾವಿಗೆ ಕರೀತೀನ್ರಿ, ಅದು ನನ್ನ ಕೆಲಸ. ಸಭೆಯಾಗ ಮಾತ್ರ ವಿಮಾ ಕಂಪನಿಯವ್ರು, ಕೃಷಿ ಇಲಾಖೆಯವ್ರು, ಬ್ಯಾಂಕಿನವ್ರು ಬಂದು ಕೂಡಬೇಕು. ಅವರು ಬರಲಾರದಽ ನಾ ಒಬ್ಬಾಕಿ ಮೈಕ್ ಹಿಡಿಯೂದಿಲ್ಲ.

ಹಿರಿಯರು: ಹಂಗಽ ಬರಿ. ಮೊದಲನೇ ಸಾಲಿಗೆ ಅದನ್ನಽ ಬರಿ.